ಲಾಕ್‌ಡೌನ್ ದಿನಗಳಲ್ಲಿ ಗೊಂಬೆಗೆ ಬಟ್ಟೆ ಹೊಲಿಯುವ ಹವ್ಯಾಸವನ್ನು ಬಿಡದೆ ನಡೆಸಿದವರು ಇದ್ದೀರಾ? ಹೇಗೆ ಸಾಧ್ಯವಾಯಿತು?

ನೀವು ಕೇಳಿದ್ದು ಇಷ್ಟು: 2020ರಲ್ಲಿ ಮನೆಯಲ್ಲೇ ಕೂತಾಗ ಮಗಳ ಬಾರ್ಬಿಗೆ ಫ್ರಾಕು ಹೊಲಿಯಲು ಶುರು ಮಾಡಿದಿರಿ, ನಾಲ್ಕು ಮುಗಿದವು, ಐದನೆಯದು ತೋಳು ಕೂಡಿಸುವಲ್ಲಿ ನಿಂತುಹೋಯಿತು, ಇವತ್ತಿಗೂ ಡಬ್ಬಿಯಲ್ಲಿದೆ. ಬಿಡದೆ ಹೊಲಿದವರು ಇದ್ದರೆ ಹೇಗೆಂದು ಹೇಳಿ, ಬಟ್ಟೆ ಎಲ್ಲಿಂದ ತಂದಿರಿ, ಮನೆಯವರ ಮಾತಿಗೆ ಏನು ಮಾಡಿದಿರಿ ಎಂದಿದ್ದೀರಿ. ಹೇಳುತ್ತೇನೆ, ಆದರೆ ಉತ್ಸಾಹದ ಮಾತು ನನ್ನಿಂದ ಬರುವುದಿಲ್ಲ. ಆ ಎರಡು ವರ್ಷಗಳಲ್ಲಿ ನಾನು ಹೊಲಿದದ್ದು 61 ಉಡುಪು. ಮನಸ್ಸಿಟ್ಟು ಹೊಲಿದವು ಅದರಲ್ಲಿ ಹದಿನೈದೂ ಇರಲಿಕ್ಕಿಲ್ಲ. ಉಳಿದವನ್ನೆಲ್ಲ ನನ್ನ ಕೈಯಿಂದ ಹೊಲಿಸಿದ್ದು ಮದುವೆ ಕಾರ್ಡಿನ ಲಕೋಟೆ.

ನಾನು ಗದಗ-ಬೆಟಗೇರಿಯವಳು. ಗದುಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ, ಕೈ ಬಿಡುವಾದಾಗ ಕಾರ್ಡು ಎಣಿಸಿ ಕಟ್ಟು ಕಟ್ಟುತ್ತೇನೆ. ಮಾರ್ಚಿನಿಂದ ಮೇ ತನಕ ನಮಗೆ ಲಗ್ನದ ಕಾಲ, ಊಟಕ್ಕೂ ಪುರುಸೊತ್ತು ಇರುವುದಿಲ್ಲ. 2020ರಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ, ಯುಗಾದಿಯ ದಿನವೇ. ಏಪ್ರಿಲ್ 26ರ ಅಕ್ಷಯ ತೃತೀಯಕ್ಕೆಂದು ಅಚ್ಚಾಗಿದ್ದ ಕಾರ್ಡುಗಳು ಕಟ್ಟು ಬಿಚ್ಚದೆ ಮೂಲೆಯಲ್ಲಿ ಕುಳಿತವು. ಕೆಲವರು ಒಯ್ಯಲೇ ಇಲ್ಲ. ಮದುವೆಗೆ 50 ಜನ ಎಂಬ ಮಿತಿ ಬಂದ ಮೇಲಂತೂ ಕಾರ್ಡು ಯಾರಿಗೆ ಬೇಕು, ಫೋನಿನಲ್ಲೇ ಕರೆದು ಮುಗಿಸಿದರು. ಮೇ ತಿಂಗಳಲ್ಲಿ ಪ್ರೆಸ್ಸಿನ ಬಾಗಿಲು ಅರ್ಧ ತೆರೆದಾಗ ಮಾಲೀಕರು ನಮಗೆ ಅರ್ಧ ಸಂಬಳ ಕೊಟ್ಟು, “ರದ್ದಿಗೆ ಹಾಕುವ ಮೊದಲು ಬೇಕಾದದ್ದು ಒಯ್ಯಿರಿ ಅಕ್ಕಾ” ಎಂದರು. ಎರಡು ಚೀಲ ಕಾರ್ಡು ಮತ್ತು ಲಕೋಟೆ ತಂದೆ.

ದಪ್ಪ ಕಾರ್ಡಿಗಿಂತ ಒಳ್ಳೆಯ ಪ್ಯಾಟರ್ನು ಕಾಗದ ಗೊಂಬೆಯ ಹೊಲಿಗೆಗೆ ಇಲ್ಲ. ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ, ಸುತ್ತ ಪೆನ್ಸಿಲ್ ಎಳೆದರೆ ಅಂಚು ಮಡಚಿಕೊಳ್ಳುವುದಿಲ್ಲ, ಐವತ್ತು ಸಲ ಬಳಸಬಹುದು. ನನ್ನ ಪ್ಯಾಟರ್ನುಗಳೆಲ್ಲ ಹೀಗೆ ಮುಹೂರ್ತ ತಪ್ಪಿದ ಮದುವೆಗಳಿಂದ ಕತ್ತರಿಸಿದವು. ಒಂದು ತೋಳಿನ ಮೇಲೆ ಬಂಗಾರದ ಅಕ್ಷರದಲ್ಲಿ “ಆಗಮನಾಭಿಲಾಷಿಗಳು” ಎಂದು ಇದೆ, ಕುಪ್ಪಸದ ಬೆನ್ನಿನ ಮೇಲೆ ಗಣಪತಿಯ ಅರ್ಧ ಸೊಂಡಿಲು. ಆ ತೋಳು ಹುಡುಕುವಾಗ ನಮ್ಮ ಮನೆಯಲ್ಲಿ “ಆಗಮನ ಎಲ್ಲಿದೆ?” ಎಂದೇ ಕೇಳುತ್ತೇವೆ.

ಇನ್ನು ಲಕೋಟೆ. ಮೊದಲ ತಿಂಗಳಲ್ಲೇ ನನಗೊಂದು ವಿಷಯ ಹೊಳೆಯಿತು. ಬೇಸರ ಬರುತ್ತಿದ್ದದ್ದು ಹೊಲಿಯುವುದರಿಂದಲ್ಲ, ಹೊಲಿಯುವ ಮೊದಲಿನ ತಡಕಾಟದಿಂದ. ಯಾವ ಬಟ್ಟೆ, ಯಾವ ದಾರ, ಟಿಚ್ ಬಟನ್ ಎಲ್ಲಿಟ್ಟೆ, ಇಷ್ಟರಲ್ಲಿ ಅಕ್ಕಿ ಬೇಯುತ್ತದೆ, ಟಿವಿಯಲ್ಲಿ ಸಂಜೆಯ ಕೊರೊನಾ ಲೆಕ್ಕ ಬರುತ್ತದೆ, ಮನಸ್ಸು ಮುದುಡುತ್ತದೆ. ಆದ್ದರಿಂದ ಮನಸ್ಸು ಸರಿ ಇದ್ದ ಒಂದು ದಿನ ಕುಳಿತು ಬರೀ ಕತ್ತರಿಸಿದೆ. ಏಳು ಉಡುಪುಗಳ ತುಂಡುಗಳನ್ನು ಕತ್ತರಿಸಿ, ಒಂದೊಂದನ್ನೂ ಒಂದೊಂದು ಲಕೋಟೆಗೆ ಹಾಕಿದೆ. ಅದರ ಜೊತೆಗೇ ಬೇಕಾದಷ್ಟು ದಾರ ಸುತ್ತಿದ ಕಾರ್ಡಿನ ಚೂರು, ಎರಡು ಟಿಚ್ ಬಟನ್, ಅಂಚಿಗೆ ಲೇಸು ಇದ್ದರೆ ಅದೂ. ಲಕೋಟೆಯ ಮೇಲೆ ಹೊಲಿಯುವ ಕ್ರಮ ಬರೆದೆ: ಭುಜ, ಕೊರಳು, ತೋಳು, ಪಕ್ಕ, ಲಂಗ, ಬೆನ್ನು. ಆಮೇಲೆ ಯಾವ ಸಂಜೆಯೂ ಯೋಚನೆ ಮಾಡಬೇಕಾಗಲಿಲ್ಲ. ಕೈಗೆ ಬಂದ ಲಕೋಟೆ ತೆಗೆಯುವುದು, ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಹತ್ತು ಟಾಕು ಹಾಕುವುದು. ಹತ್ತೇ. ಬಹಳ ದಿನ ಅದು ಹತ್ತಕ್ಕೆ ನಿಲ್ಲುತ್ತಿರಲಿಲ್ಲ, ಕೆಲವು ದಿನ ಆರಕ್ಕೇ ನಿಂತದ್ದೂ ಇದೆ. ಮುಗಿದದ್ದರ ಮೇಲೆ ಒಂದು ಗೆರೆ ಎಳೆದು ಲಕೋಟೆ ಮಡಚಿಡುತ್ತಿದ್ದೆ.

ನಿಮ್ಮ ಐದನೆಯ ಫ್ರಾಕು ಡಬ್ಬಿಯಲ್ಲಿ ಉಳಿದದ್ದಕ್ಕೆ ಈ ತಡಕಾಟವೂ ಕಾರಣವಿರಬಹುದೆಂದು ನನ್ನ ಊಹೆ. ಸುಮ್ಮನೆ ನಿಮ್ಮ ಸೋಮಾರಿತನವನ್ನು ಬೈದುಕೊಳ್ಳಬೇಡಿ.

ಬಟ್ಟೆಯ ವಿಷಯ ಕೇಳಿದ್ದೀರಿ. ಅಂಗಡಿ ಮುಚ್ಚಿದ್ದವು, ಪೇಟೆಯ ಟಾಂಗಾ ಕೂಟದ ಕಡೆ ಹೋದರೆ ಔಷಧಿ ಅಂಗಡಿ ಬಿಟ್ಟು ಬೇರೇನೂ ಇಲ್ಲ. ಆದರೆ ಬೆಟಗೇರಿ ನೇಕಾರರ ಊರು. ನಮ್ಮ ಓಣಿಯಲ್ಲಿ ಬೆಳಗಾಗುವುದೇ ಮಗ್ಗದ ಸದ್ದಿಗೆ, ಆ ಬೇಸಿಗೆಯಲ್ಲಿ ಅದು ನಿಂತುಹೋಗಿತ್ತು. ನೂಲು ಬರುತ್ತಿರಲಿಲ್ಲ, ನೇಯ್ದ ಸೀರೆಯನ್ನು ಕೊಳ್ಳುವವರು ಬರುತ್ತಿರಲಿಲ್ಲ. ಪಕ್ಕದ ಮನೆಯ ನೇಕಾರ ಕಾಕಾನ ಹತ್ತಿರ ಅಳುಕುತ್ತಲೇ ಚೂರು ಬಟ್ಟೆ ಕೇಳಿದೆ. ಕೆಲಸವಿಲ್ಲದ ಮನುಷ್ಯನ ಮುಂದೆ ಗೊಂಬೆಯ ಸೀರೆಯ ಮಾತು ತೆಗೆಯುವುದು ಎಂದರೆ ನಾಚಿಕೆಯ ಕೆಲಸ. ಅವರು ಗೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಇವಳಿಗೆ ಎಷ್ಟು ಗಜ ಬೇಕಾಗುತ್ತದೆ ತಂಗಿ?” ಎಂದು ಕೇಳಿದರು. ಒಂದು ಗಜ ಎಂದೆ. ಅವರು ನಂಬಲಿಲ್ಲ.

ಲೆಕ್ಕ ಸರಳವಿದೆ. ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಸುಮಾರು ಮನುಷ್ಯರ ಆರರಲ್ಲಿ ಒಂದು. ಆರು ಗಜದ ಸೀರೆ ಅವಳಿಗೆ ಒಂದು ಗಜ, ಒಂಬತ್ತು ಗಜದ್ದು ಒಂದೂವರೆ. 45 ಇಂಚಿನ ಅಗಲ ಏಳೂವರೆ ಇಂಚಾಗುತ್ತದೆ. ಅಳತೆ ಆರರಲ್ಲಿ ಒಂದಾಗುತ್ತದೆ, ಬಟ್ಟೆಯ ದಪ್ಪ ಆಗುವುದಿಲ್ಲ, ಎಲ್ಲ ತಾಪತ್ರಯ ಇರುವುದು ಅಲ್ಲಿ! ನಮ್ಮ ಸೀರೆಯ ಬಟ್ಟೆಯನ್ನೇ ಗೊಂಬೆಗೆ ಉಡಿಸಿದರೆ ಅವಳು ಕಂಬಳಿ ಸುತ್ತಿಕೊಂಡಂತೆ ಕಾಣುತ್ತಾಳೆ. ಆರು ನಿರಿಗೆ ಹಿಡಿದರೆ ಹೊಟ್ಟೆ ಮುಂದೆ ಬರುತ್ತದೆ. ನಾನು ಮೂರೇ ನಿರಿಗೆ ಹಿಡಿದು, ಒಳಗೆ ಸುತ್ತುವ ಮೊದಲ ಸುತ್ತನ್ನು ಕತ್ತರಿಸಿ ತೆಗೆದು, ಸೊಂಟಕ್ಕೆ ತೆಳು ಪಟ್ಟಿ ಹೊಲಿದುಬಿಡುತ್ತೇನೆ. ಇನ್ನೊಂದು ತೊಂದರೆ, ಇಷ್ಟು ಚಿಕ್ಕ ಬಟ್ಟೆಗೆ ಭಾರವಿಲ್ಲದ ಕಾರಣ ಅದು ಕೆಳಗೆ ಬೀಳುವುದಿಲ್ಲ, ಕೊಡೆಯ ಹಾಗೆ ನಿಲ್ಲುತ್ತದೆ. ಅದಕ್ಕೆ ತೆಳುವಾದ ಗಂಜಿಯಲ್ಲಿ ಅದ್ದಿ, ಗೊಂಬೆಗೆ ಉಡಿಸಿ, ಬೇಕಾದಂತೆ ನಿರಿಗೆ ಕೂಡಿಸಿ ದಾರ ಸುತ್ತಿ ಒಣಗಲು ಬಿಡುವುದು. ದಾರ ಬಿಚ್ಚಿದಾಗ ನಿರಿಗೆ ಹಿಡಿದಲ್ಲೇ ನಿಂತಿರುತ್ತದೆ. ಹೊರಗೆ ಒಣಹಾಕಬೇಡಿ, ಆಷಾಢದ ಗದುಗಿನ ಗಾಳಿ ನನ್ನ ಒಂದು ಸೆರಗನ್ನು ಯಾರ ಮಾಳಿಗೆಗೆ ಒಯ್ದಿತೋ ಇಂದಿಗೂ ಗೊತ್ತಿಲ್ಲ.

ಕಾಕಾ ಕೊಟ್ಟದ್ದು ದಡಿಯ ಒಂದು ತುಂಡು ಮತ್ತು ಮಗ್ಗದ ಹಾಸಿನ, ಅಂದರೆ ಉದ್ದ ಎಳೆಗಳ, ಕೊನೆಯಲ್ಲಿ ಉಳಿದ ಕೆಂಪು ಬಟ್ಟೆ. ಉಳಿದದ್ದನ್ನು ಮನೆಯಲ್ಲೇ ಹುಡುಕಿದೆ. ಹಳೆಯ ಧೋತರ ಒಗೆದು ಒಗೆದು ಮಲ್ಲಿನಂತೆ ಆಗಿರುತ್ತದೆ, ಲಂಗಕ್ಕೆ ಅದಕ್ಕಿಂತ ಬೇರೆ ಬೇಡ. ಗಂಡಸರ ಚೌಕಡಿ ಕರವಸ್ತ್ರದ ಅಂಚು ಮೊದಲೇ ಹೊಲಿದಿರುತ್ತದೆ, ಅದನ್ನೇ ಫ್ರಾಕಿನ ಕೆಳ ಅಂಚು ಮಾಡಿದರೆ ಅರ್ಧ ಕೆಲಸ ತಪ್ಪಿತು. ಕಾಲುಚೀಲದ ಮೇಲ್ಭಾಗ ಸ್ವೆಟರ್ ಆಗುತ್ತದೆ. ಇಲಾಸ್ಟಿಕ್ ಮಾತ್ರ ಸಿಗಲಿಲ್ಲ. ಊರಿಗೆ ಊರೇ ಮಾಸ್ಕ್ ಹೊಲಿಯುತ್ತಿತ್ತು, ನಾನೂ ಹೊಲಿದೆ, ಮನೆಯಲ್ಲಿದ್ದ ಇಲಾಸ್ಟಿಕ್ ಎಲ್ಲ ಅದಕ್ಕೇ ಹೋಯಿತು. ಗೊಂಬೆಯ ಲಂಗಕ್ಕೆ ದಪ್ಪ ದಾರವನ್ನು ಹುರಿ ಮಾಡಿ ಲಾಡಿ ಹಾಕಿದೆ. ನೋಡಲು ಅದೇ ಚೆನ್ನಾಗಿದೆ.

ಆ ಕೆಂಪು ಬಟ್ಟೆಯದ್ದು ದೊಡ್ಡ ಕಥೆ. ಉಪ್ಪಿನ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುವಂತೆ ನೆನೆಸಿ, ಸೀರೆ ಉಡಿಸಿ, ಷೋಕೇಸಿನಲ್ಲಿ ಒಂದೂವರೆ ತಿಂಗಳು ನಿಲ್ಲಿಸಿದೆ. ಬಿಚ್ಚಿದಾಗ ಗೊಂಬೆಗೆ ಸೊಂಟದಿಂದ ಮೊಣಕಾಲಿನವರೆಗೆ ದಡಾರ ಎದ್ದಂತಿತ್ತು. ಬಣ್ಣ ಪ್ಲಾಸ್ಟಿಕ್ಕಿನ ಒಳಗೇ ಇಳಿದಿತ್ತು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು. ಕಲೆಯ ಮೇಲೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗೆ ಇಡಬೇಕು, ಹೀಗೆ ನಾಲ್ಕೈದು ದಿನ. ಕಲೆ ಹೋಯಿತು, ಅದರ ಜೊತೆ ಗೊಂಬೆಯ ಮೈಬಣ್ಣವೂ ಅಷ್ಟು ಜಾಗದಲ್ಲಿ ತುಸು ತಿಳಿಯಾಯಿತು, ಉದ್ದ ಲಂಗದ ಕೆಳಗೆ ಕಾಣುವುದಿಲ್ಲ. ಈಗ ಗಾಢ ಬಣ್ಣದ ಯಾವ ಬಟ್ಟೆಯನ್ನೂ ನೀರು ತಿಳಿಯಾಗುವ ತನಕ ಒಗೆದು, ಒದ್ದೆಯಿದ್ದಾಗಲೇ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಒಳಗೆ ಬಿಳಿ ಲೈನಿಂಗ್ ಕೊಟ್ಟೇ ಹೊಲಿಯುತ್ತೇನೆ.

ಮನೆಯವರ ಮಾತಿಗೆ ಏನು ಮಾಡಿದಿರಿ ಎಂದೂ ಕೇಳಿದ್ದೀರಿ. “ನಲವತ್ತೆರಡಕ್ಕೆ ಗೊಂಬೆಯಾಟವೇ?” ಎಂದು ಅವ್ವ ಎರಡು ತಿಂಗಳು ಅಂದಳು. ಜೂನ್ ತಿಂಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢದ ಮಂಗಳವಾರ ಬಂತು. ಪ್ರತಿ ವರ್ಷದಂತೆ ಅವ್ವ, ಆ ದಿನ ಪೂಜಿಸುವ ಮಣ್ಣಿನ ಗೊಂಬೆ ಗುಳ್ಳವ್ವನನ್ನು ಮಾಡಿ ಕುಸುಬೆ ಕಾಳು, ಗುಲಗಂಜಿ ಒತ್ತಿ ಸಿಂಗರಿಸುತ್ತಾ ಕುಳಿತಿದ್ದವಳು, ಆ ವರ್ಷ ಓಣಿಯ ಹುಡುಗಿಯರು ಯಾರೂ ಬರದ ಕಾರಣ ಒಬ್ಬಳೇ ಕುಳಿತಿದ್ದವಳು, ತಲೆ ಎತ್ತದೆ, “ನಿನ್ನ ಹತ್ತಿರ ಖಣದ ಚೂರು ಇದೆಯಾ?” ಎಂದಳು. ಕೊಟ್ಟೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಯಂತ್ರದ ಬಗ್ಗೆ ಎರಡೇ ಮಾತು. ನನ್ನ ಹೊಲಿಗೆ ಯಂತ್ರದ ಬಾಬಿನ್ ಕೇಸು ಮೇ ತಿಂಗಳಲ್ಲಿ ಕೈಕೊಟ್ಟಿತು, ರಿಪೇರಿಯವರು ಬರುವಂತಿರಲಿಲ್ಲ. ಹಾಗಾಗಿ ಕೈಹೊಲಿಗೆಗೆ ಬಂದೆ, ಈಗ ಯಂತ್ರ ಸರಿಯಾದರೂ ಬಿಟ್ಟಿಲ್ಲ. ನಿಮಗೆ ಯಂತ್ರವೇ ಬೇಕೆಂದಿದ್ದರೆ 11 ನಂಬರಿನ ಸೂಜಿ ಹಾಕಿ, ಟಾಕನ್ನು 2 ಮಿಲಿಮೀಟರಿಗಿಂತ ಸಣ್ಣ ಮಾಡಿ, ಬಟ್ಟೆಯ ಕೆಳಗೆ ಪತ್ರಿಕೆಯ ಒಂದು ಪಟ್ಟಿ ಇಟ್ಟು ಹೊಲಿಯಿರಿ. ಇಲ್ಲದಿದ್ದರೆ ಚೂರು ಬಟ್ಟೆಯನ್ನು ಯಂತ್ರ ತೂತಿನೊಳಗೆ ಎಳೆದು ನುಂಗುತ್ತದೆ. ಆಮೇಲೆ ಕಾಗದವನ್ನು ಹರಿದು ತೆಗೆದರಾಯಿತು.

ಕಸೂತಿ ಹಾಕಿದ ಸೀರೆ ಮಾಡಿದ್ದೀರಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಧಾರವಾಡ ಸೀಮೆಯವರಲ್ಲವೇ! ಗೋಪುರ, ಆನೆ, ಅಂಬಾರಿ ಇವಳ ಸೆರಗಿಗೆ ಬಂದರೆ ಬೆನ್ನಿನ ಮೇಲೆ ದೇವಸ್ಥಾನವನ್ನೇ ಹೊತ್ತಂತಾಗುತ್ತದೆ. ಒಂದೇ ಎಳೆಯಲ್ಲಿ ಗವಂತಿ ಎಂಬ ಕಸೂತಿ ಟಾಕಿನ ಪುಟ್ಟ ನಕ್ಷತ್ರ ಹಾಕುತ್ತೇನೆ, ಅಷ್ಟೇ. ಗವಂತಿ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ, ಗಂಟೂ ಇರುವುದಿಲ್ಲ, ಹಾಗಾಗಿ ಇಷ್ಟು ಚಿಕ್ಕ ಸೆರಗು ತಿರುಗಿ ಬಿದ್ದರೂ ಚಿಂತೆಯಿಲ್ಲ.

ಅಭಾವದಲ್ಲಿ ಗೊಂಬೆಗೆ ಹೊಲಿದವರಲ್ಲಿ ನಾವೇ ಮೊದಲಿಗರಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಪ್ಯಾರಿಸ್ಸಿನ ದೊಡ್ಡ ದೊಡ್ಡ ಉಡುಪು ವಿನ್ಯಾಸಕಾರರಿಗೆ ಬಟ್ಟೆ ಸಿಗದಾದಾಗ, ಅವರು ಮನುಷ್ಯರ ಮೂರರಲ್ಲಿ ಒಂದು ಎತ್ತರದ ತಂತಿ ಗೊಂಬೆಗಳಿಗೆ ಆ ವರ್ಷದ ಹೊಸ ಉಡುಪುಗಳನ್ನು ಹೊಲಿದು 1945ರ ಮಾರ್ಚಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಬಾಲೆನ್ಸಿಯಾಗಾ, ನೀನಾ ರಿಚ್ಚಿ ಮುಂತಾದ ಹೆಸರಾಂತ ಉಡುಪು ಸಂಸ್ಥೆಗಳೇ ಹೊಲಿದದ್ದು. ಆ ಗೊಂಬೆಗಳು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ವಸ್ತುಸಂಗ್ರಹಾಲಯದಲ್ಲಿವೆ. ಇನ್ನು 1959ರಲ್ಲಿ ಬಂದ ಮೊದಲ ಬಾರ್ಬಿಗಳ ಉಡುಪುಗಳನ್ನು ಕೈಯಿಂದ ಹೊಲಿದವರು ಜಪಾನಿನಲ್ಲಿ ಮನೆಯಲ್ಲೇ ಕುಳಿತು ಕೆಲಸ ಮಾಡುವ ಹೆಂಗಸರು. ಅವ್ವನಿಗೆ ಇದನ್ನು ಹೇಳಿದಾಗ, “ಅವರಿಗೆ ಕೂಲಿ ಕೊಟ್ಟಿದ್ದರಲ್ಲ” ಎಂದಳು.

ಎರಡನೆಯ ಅಲೆಯಲ್ಲಿ ನಾನು ನಿಲ್ಲಿಸಿದ್ದೆ, ಅದನ್ನು ಮುಚ್ಚಿಡುವುದಿಲ್ಲ. 2021ರ ಮೇ ತಿಂಗಳಲ್ಲಿ ಮತ್ತೆ ಎಲ್ಲ ಬಂದ್ ಆಯಿತು, ನನಗೇ ಜ್ವರ ಬಂತು, ಹದಿನಾಲ್ಕು ದಿನ ಮಾಳಿಗೆಯ ಕೋಣೆಯಲ್ಲಿದ್ದೆ. ಆ ವಾರ ಓಣಿಯಲ್ಲಿ ಎರಡು ಮನೆಗಳಲ್ಲಿ ಸಾವಾಗಿತ್ತು. ಸೂಜಿಗೆ ದಾರ ಪೋಣಿಸಿದರೆ ಕಣ್ಣು ತುಂಬುತ್ತಿತ್ತು, ಜ್ವರಕ್ಕೋ ಬೇರೆಯದಕ್ಕೋ ಹೇಳಲಾರೆ. ಜುಲೈ ತನಕ ಒಂದು ಟಾಕೂ ಹಾಕಲಿಲ್ಲ. ಮತ್ತೆ ಶುರುವಾದದ್ದು ಕಪಾಟು ಝಾಡಿಸುವಾಗ ಒಂದು ಲಕೋಟೆ ಕೆಳಗೆ ಬಿದ್ದದ್ದರಿಂದ. ಭುಜ, ಕೊರಳು ಎರಡರ ಮೇಲೆ ಗೆರೆ ಇತ್ತು. ಮುಂದಿನದು ತೋಳು.

ನೀವು ನಿಂತದ್ದೂ ಅಲ್ಲೇ. ಬಹುಶಃ ನಮ್ಮ ರವಿಕೆಗೆ ಮಾಡುವಂತೆ ಪಕ್ಕದ ಹೊಲಿಗೆ ಮುಗಿಸಿ, ತೋಳನ್ನು ಕೊಳವೆಯಂತೆ ಹೊಲಿದು, ಆಮೇಲೆ ಕೂಡಿಸಲು ಹೊರಟಿದ್ದೀರಿ. ಬೆರಳೂ ತೂರದ ಆ ಸುತ್ತಿನಲ್ಲಿ ಅದು ಯಾರಿಗೂ ಆಗುವುದಿಲ್ಲ. ಪಕ್ಕದ ಹೊಲಿಗೆಯನ್ನೂ ತೋಳಿನ ಹೊಲಿಗೆಯನ್ನೂ ಬಿಚ್ಚಿ, ಎಲ್ಲವನ್ನೂ ಚಪ್ಪಟೆಯಾಗಿ ಹರಡಿ. ತೋಳಿನ ಕೆಳ ಅಂಚನ್ನು ಮೊದಲೇ ಮಡಚಿ ಹೊಲಿದುಬಿಡಿ. ತೋಳಿನ ನಡುವನ್ನು ಭುಜದ ಹೊಲಿಗೆಗೆ ಕೂಡಿಸಿ, ಅಲ್ಲಿಂದ ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ಹೊಲಿಯಿರಿ. ನಂತರ ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಒಂದೇ ಹೊಲಿಗೆ. ಕಂಕುಳಿನಲ್ಲಿ ಕತ್ತರಿಯ ತುದಿಯಿಂದ ಒಂದು ಸಣ್ಣ ಕಚ್ಚು ಕೊಡಿ, ಹೊಲಿಗೆಗೆ ತಾಗದಿರಲಿ. ಬೆನ್ನು ಪೂರ್ತಿ ತೆರೆದೇ ಇರಲಿ, ಅದನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚುವುದು. ತೊಡಿಸುವಾಗ ಗೊಂಬೆಯ ಅಂಗೈಗೆ ಪ್ಲಾಸ್ಟಿಕ್ ಚೂರು ಸುತ್ತಿ ತೋಳಿನೊಳಗೆ ಜಾರಿಸಿ, ಇಲ್ಲದಿದ್ದರೆ ಅವಳ ಹೆಬ್ಬೆರಳು ಸಿಕ್ಕಿ ಅಷ್ಟು ಹೊತ್ತಿನ ಹೊಲಿಗೆ ಹರಿಯುತ್ತದೆ.