ಸಿನಗಾಗ್ ಹುಡುಕುವ ಮುನ್ನ ಮನೆಯಲ್ಲಿ ಆಗಬೇಕಾದ ಮಾತು

ನ್ಯೂಜೆರ್ಸಿಯಲ್ಲಿ ಭಾರತೀಯ ಕುಟುಂಬಗಳ ಆಪ್ತಸಲಹೆಗಾರಳಾಗಿರುವ ನನ್ನ ಬಳಿಗೆ, ಯಹೂದಿ ಸಂಗಾತಿಯನ್ನು ಮದುವೆಯಾದ ಕನ್ನಡಿಗರು ಮತ್ತೆ ಮತ್ತೆ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ: ಮಕ್ಕಳು ಚಿಕ್ಕವರು, ನಮ್ಮಂಥ ಮನೆಯವರನ್ನು ಮನಃಪೂರ್ವಕವಾಗಿ ಬರಮಾಡಿಕೊಳ್ಳುವ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಯಾವುದು? ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಲ್ಲಿ, 2010ರಿಂದೀಚೆಗೆ ಮದುವೆಯಾದ ಅಮೆರಿಕದ ಯಹೂದಿಗಳ ಪೈಕಿ ಶೇ 61ರಷ್ಟು ಮಂದಿಯ ಸಂಗಾತಿ ಯಹೂದಿಯಲ್ಲ ಎಂದು ಕಂಡುಬಂದಿತ್ತು. ಹಾಗಾಗಿ ಈ ಪ್ರಶ್ನೆ ಕನ್ನಡದ ಮನೆಗಳಿಗೂ ಬಂದದ್ದರಲ್ಲಿ ಅಚ್ಚರಿಯಿಲ್ಲ. ನನಗೆ ಚಿಂತೆಯಾಗಿರುವುದು, ಪ್ರಶ್ನೆಯನ್ನು ಹೆಚ್ಚಾಗಿ ಹೊತ್ತು ತರುವವರು ಯಹೂದಿಯಲ್ಲದ ತಾಯಂದಿರೇ ಆಗಿರುತ್ತಾರೆ ಎಂಬ ಸಂಗತಿ. ಕೆಳಗಿನ ಪ್ರಕರಣವನ್ನು ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಪತ್ನಿ ಹಳೆ ಮೈಸೂರು ಕಡೆಯ ಕುಟುಂಬದವರು. ಪತಿ ಕನ್ಸರ್ವೇಟಿವ್ ಪಂಥದ ಯಹೂದಿ ಮನೆಯಲ್ಲಿ ಬೆಳೆದು, ಕಾಲೇಜು ಮುಗಿದ ಮೇಲೆ ಸಿನಗಾಗ್‌ನ ಕಡೆ ತಲೆ ಹಾಕದವರು. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಮಕ್ಕಳು ಯಹೂದಿಗಳಾಗಿ ಬೆಳೆಯಬೇಕೆಂಬುದು ಪತಿಯ ತಾಯಿಯ ಆಸೆ. ಸೊಸೆ ಅದಕ್ಕೆ ಒಪ್ಪಿದ್ದರು, ಮಾತ್ರವಲ್ಲ, ಒಪ್ಪಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಸ್ವಭಾವದವರಾದ್ದರಿಂದ ಹುಡುಕಾಟವನ್ನೂ ತಾವೇ ಕೈಗೆತ್ತಿಕೊಂಡಿದ್ದರು. ಶುಕ್ರವಾರ ಸಂಜೆ ಪುಟ್ಟ ಮಕ್ಕಳಿಗಾಗಿ ಹಾಡು, ಹಲ್ಲಾ ಬ್ರೆಡ್ಡು, ದ್ರಾಕ್ಷಿರಸಗಳೊಂದಿಗೆ ಅರ್ಧ ಗಂಟೆಯಲ್ಲಿ ಮುಗಿಯುವ ‘ಟಾಟ್ ಶಬ್ಬತ್’ ಎಲ್ಲೆಲ್ಲಿದೆ, ಯಾವ ಶಾಲೆಯ ಶುಲ್ಕ ಎಷ್ಟು ಎಂಬುದೆಲ್ಲ ಅವರ ಕಂಪ್ಯೂಟರಿನಲ್ಲಿ ಪಟ್ಟಿಯಾಗಿ ಸಿದ್ಧವಿತ್ತು.

ಮೊದಲ ಭೇಟಿಗಳಲ್ಲಿ ಅವರು ಹೇಳಿದ ದೂರುಗಳಲ್ಲಿ ಕೆಲವು ತಿಳಿವಳಿಕೆಯಿಂದ ಬಗೆಹರಿಯುವಂಥವು. ಒಂದು ಕಡೆ ಬಾಗಿಲಿಗೆ ಬೀಗ. ಹೊರಗಿದ್ದ ಕಾವಲುಗಾರ ಯಾರು, ಏಕೆ ಬಂದಿರಿ ಎಂದು ವಿಚಾರಿಸಿ, ಮಗುವಿನ ಚೀಲವನ್ನೂ ತೆಗೆದು ನೋಡಿದನಂತೆ. ದೇವಸ್ಥಾನದ ಬಾಗಿಲು ಸದಾ ತೆರೆದಿರುವುದನ್ನು ಕಂಡು ಬೆಳೆದವರಿಗೆ ಇದು ಅವಮಾನವೆನಿಸುವುದು ಸಹಜ. ಆದರೆ 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ‘ಟ್ರೀ ಆಫ್ ಲೈಫ್’ ಸಿನಗಾಗ್‌ನಲ್ಲಿ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನವಾದ ಶಬ್ಬತ್‌ನ ಪ್ರಾರ್ಥನೆಯ ಹೊತ್ತಿಗೆ ಹನ್ನೊಂದು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. 2022ರ ಜನವರಿಯಲ್ಲಿ ಟೆಕ್ಸಸ್‌ನ ಕಾಲಿವಿಲ್‌ನಲ್ಲಿ ಯಹೂದಿ ಧರ್ಮಗುರು, ಅಂದರೆ ರಬ್ಬಿಯೊಬ್ಬರು ಚಳಿಯಲ್ಲಿ ಬಂದ ಅಪರಿಚಿತನನ್ನು ಒಳಗೆ ಕರೆದು ಚಹಾ ಮಾಡಿಕೊಟ್ಟರು. ಅದೇ ವ್ಯಕ್ತಿ ಬಂದೂಕು ತೆಗೆದು ಅವರನ್ನೂ ಇತರರನ್ನೂ ಗಂಟೆಗಟ್ಟಲೆ ಒತ್ತೆಯಾಗಿಟ್ಟುಕೊಂಡ. ಬಾಗಿಲಿನಲ್ಲಿ ನಡೆಯುವ ವಿಚಾರಣೆಯನ್ನು ಆ ಸಮುದಾಯದ ಮನಸ್ಸಿನ ಅಳತೆಗೋಲಾಗಿ ಹಿಡಿಯಬಾರದು, ಹೋಗುವ ಮುನ್ನ ಕಚೇರಿಗೆ ಬರೆದು ಹೆಸರು ತಿಳಿಸಿದರೆ ಸಾಕು ಎಂದೆ. ಆಕೆ ಒಪ್ಪಿದರು.

ಇನ್ನೊಂದು ದೂರು ಅಷ್ಟು ಸುಲಭದ್ದಲ್ಲ. ಒಂದು ಸಿನಗಾಗ್‌ನಲ್ಲಿ ಎಲ್ಲರೂ ನಗುನಗುತ್ತಾ ಮಾತನಾಡಿಸಿದ ಮೇಲೆ, ಈಕೆಯ ಮಕ್ಕಳು ಧರ್ಮದ ಕಟ್ಟಳೆಯ ಪ್ರಕಾರ ಯಹೂದಿಗಳೇ ಅಲ್ಲ ಎಂದು ತಿಳಿಸಿದರು. ಅವರು ಹೇಳಿದ್ದು ತಪ್ಪೇನಲ್ಲ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥಗಳಲ್ಲಿ ಯಹೂದಿತನ ಬರುವುದು ತಾಯಿಯಿಂದ; ತಂದೆ ಮಾತ್ರ ಯಹೂದಿಯಾಗಿದ್ದರೆ ಮಗುವನ್ನು ಮಿಕ್ವೆ ಎಂಬ ಕೊಳದಲ್ಲಿ ಮುಳುಗಿಸುವುದೂ ಸೇರಿದ ಮತಾಂತರ ವಿಧಿ ನಡೆಯಬೇಕು. ರಿಫಾರ್ಮ್ ಪಂಥದ ರಬ್ಬಿಗಳು 1983ರಲ್ಲಿ ಬೇರೆ ನಿರ್ಣಯ ಕೈಗೊಂಡರು: ತಂದೆ ತಾಯಿಗಳಲ್ಲಿ ಯಾರೊಬ್ಬರು ಯಹೂದಿಯಾಗಿದ್ದರೂ, ಮಗುವನ್ನು ಬಹಿರಂಗವಾಗಿ ಯಹೂದಿಯಾಗಿ ಬೆಳೆಸಿದರೆ ಅದು ಯಹೂದಿಯೇ. ರಿಕನ್‌ಸ್ಟ್ರಕ್ಷನಿಸ್ಟ್ ಪಂಥ ಅದಕ್ಕೂ ಮೊದಲೇ ಇದನ್ನು ಒಪ್ಪಿತ್ತು. ಈ ವ್ಯತ್ಯಾಸವನ್ನು ಅರಿಯದೆ ಮನೆಗೆ ಹತ್ತಿರದ್ದು, ವಾಹನ ನಿಲ್ಲಿಸಲು ಜಾಗವಿರುವುದು ಎಂದು ಹುಡುಕಲು ಹೊರಟರೆ ಇಂಥ ಪೆಟ್ಟು ತಪ್ಪಿದ್ದಲ್ಲ. ಪತಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು ಎಂಬುದು ಆಮೇಲೆ ತಿಳಿಯಿತು. ‘ಕೇಳಲಿಲ್ಲವಲ್ಲ’ ಎಂದರು.

ಕೊನೆಗೆ ಒಂದು ರಿಫಾರ್ಮ್ ಸಿನಗಾಗ್ ಇಷ್ಟವಾಗಿ, ಮಗಳನ್ನು ಅಲ್ಲಿನ ಭಾನುವಾರದ ಶಾಲೆಗೆ ಸೇರಿಸಿದರು. ಪ್ರಕರಣ ಮುಗಿಯಿತೆಂದು ನಾನು ಕಡತ ಮುಚ್ಚುವಷ್ಟರಲ್ಲಿ ಆಕೆ ತುರ್ತಾಗಿ ಸಮಯ ಕೇಳಿದರು. ಪತಿಯನ್ನೂ ಕರೆತರಬೇಕೆಂದು ನಾನು ಹೇಳಿದೆ. ಈ ಬರಹಕ್ಕೆ ಕಾರಣವಾದದ್ದು ಆ ದಿನದ ಮಾತುಕತೆ.

ಆಗಿದ್ದು ಇಷ್ಟು. ಬೆಳಿಗ್ಗೆ ದೀಪ ಹಚ್ಚಲು ದೇವರ ಕಪಾಟಿನ ಬಾಗಿಲು ತೆರೆದಾಗ ಲಕ್ಷ್ಮಿ, ಕೃಷ್ಣ, ಅನ್ನಪೂರ್ಣೆಯ ಪುಟ್ಟ ಮೂರ್ತಿಗಳೆಲ್ಲ ಮಕಾಡೆ ಮಲಗಿದ್ದವು. ಮಧ್ಯದಲ್ಲಿ ಆಕೆಯ ತಾಯಿ ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಗಣಪತಿ ಮಾತ್ರ ನೆಟ್ಟಗೆ ಕುಳಿತಿದ್ದ, ಅವನ ಕೈಗೆ ಐಸ್‌ಕ್ರೀಮಿನ ಮರದ ಕಡ್ಡಿಯೊಂದನ್ನು ಒರಗಿಸಿಡಲಾಗಿತ್ತು. ಮಗಳನ್ನು ಕೇಳಿದರೆ, ‘ದೊಡ್ಡವನೇ ಎಲ್ಲರನ್ನೂ ಹೊಡೆದ’ ಎಂದು ನಕ್ಕಳಂತೆ. ಯಹೂದಿ ಮಕ್ಕಳಿಗೆಲ್ಲ ಹೇಳುವ ಕಥೆಯದು. ಯಹೂದಿಗಳ ಮೂಲಪುರುಷ ಅಬ್ರಹಾಮನ ತಂದೆ ತೆರಹ ವಿಗ್ರಹಗಳ ವ್ಯಾಪಾರಿ. ತಂದೆ ಇಲ್ಲದಾಗ ಬಾಲಕ ಅಂಗಡಿಯ ವಿಗ್ರಹಗಳನ್ನೆಲ್ಲ ಒಡೆದು, ಕೋಲನ್ನು ದೊಡ್ಡ ವಿಗ್ರಹದ ಕೈಯಲ್ಲಿಟ್ಟು, ಒಡೆದವನು ಇವನೇ ಎನ್ನುತ್ತಾನೆ. ಅವು ಹಾಗೆಲ್ಲ ಮಾಡಲಾರವು ಎಂದು ತಂದೆ ಗದರಿದರೆ, ನಿನ್ನ ಬಾಯಿ ಆಡಿದ್ದನ್ನು ನಿನ್ನ ಕಿವಿ ಕೇಳಲಿ ಎನ್ನುತ್ತಾನೆ. ಇದು ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿಲ್ಲ, ಮಿದ್ರಾಶ್ ಎಂಬ ವ್ಯಾಖ್ಯಾನ ಪರಂಪರೆಯಲ್ಲಿದೆ. ಆದರೂ ಮಕ್ಕಳಿಗೆ ಅಬ್ರಹಾಮ ಎಂದರೆ ಮೊದಲು ನೆನಪಾಗುವುದು ಇದೇ.

ಪತಿ ಇದನ್ನು ಹೇಳುವಾಗ ನಗು ತಡೆದುಕೊಳ್ಳಲು ಕಷ್ಟಪಡುತ್ತಿದ್ದರು. ‘ನಾವೆಲ್ಲ ಕೇಳಿದ ಕಥೆಯೇ ಇದು, ಮಗು ಆಟವಾಡಿದೆ ಅಷ್ಟೆ’ ಎಂದರು. ಆಕೆ ನಗಲಿಲ್ಲ. ‘ಅದು ನಿನಗೆ ಕಥೆ. ನನಗೆ ನಮ್ಮಮ್ಮ ಕೊಟ್ಟ ಗಣಪತಿ. ಪ್ರತಿ ಭಾನುವಾರ ಅವಳನ್ನು ಕಾರಿನಲ್ಲಿ ಕೂರಿಸಿ ಆ ಕಥೆ ಕೇಳಲು ಬಿಟ್ಟು ಬಂದವಳು ನಾನು. ಅಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿಯೇ ಮಾತನಾಡಿಸುತ್ತಾರೆ, ನಾನು ಆ ಮಕ್ಕಳ ಡ್ರೈವರ್’ ಎಂದರು.

ನಾನು ಪತಿಯನ್ನು, ಆ ಶಾಲೆಗೆ ನೀವು ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಬಾಲ್ಯದಲ್ಲಿ ಸಿನಗಾಗ್‌ನ ಗಟ್ಟಿ ಬೆಂಚಿನ ಮೇಲೆ ಕುಳಿತು ಮುದುಕರಿಂದ ‘ಶ್ಶ್’ ಎನಿಸಿಕೊಂಡದ್ದು ಇನ್ನೂ ಮರೆತಿಲ್ಲ, ತನಗೆ ಅಲ್ಲಿಗೆ ಕಾಲಿಡಲು ಮನಸ್ಸೇ ಇಲ್ಲ, ಮಕ್ಕಳು ಹೋದರೆ ಅಮ್ಮನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ ಎಂದರು. ಹೆಂಡತಿಗೆ ಈ ಮಾತು ಹೊಸದಾಗಿತ್ತು. ತನ್ನ ಗಂಡನಿಗೆ ಬೇಕೆಂದು ಆಕೆ ಹುಡುಕುತ್ತಿದ್ದ ಜಾಗ ಗಂಡನಿಗೇ ಬೇಡವಾಗಿತ್ತು.

ನಾನು ಕೊಟ್ಟ ಮೊದಲ ಸಲಹೆ ಇದು: ಮುಂದಿನ ಕೆಲವು ತಿಂಗಳು ಆಕೆ ಸಿನಗಾಗ್‌ಗೆ ಹೋಗಬಾರದು. ಮಕ್ಕಳನ್ನು ಪತಿ ಕರೆದೊಯ್ಯಬೇಕು. ಅದೂ ಹಬ್ಬದ ದಿನ ಸಾಲದು, ಏನೂ ವಿಶೇಷವಿಲ್ಲದ ಶನಿವಾರಗಳಂದು. ಹೋಗಲಾರೆ ಎನ್ನುವುದಾದರೆ, ಮಕ್ಕಳು ಯಹೂದಿಗಳಾಗಿ ಬೆಳೆಯಬೇಕೆಂಬ ಮಾತನ್ನು ತಮ್ಮ ತಾಯಿಯ ಮುಂದೆ ತಾವೇ ಹಿಂದಕ್ಕೆ ಪಡೆಯಬೇಕು.

ಸಹೋದ್ಯೋಗಿಯೊಬ್ಬರು ಇದನ್ನು ಕಟುವಾಗಿ ಆಕ್ಷೇಪಿಸಿದರು. ತಾಯಿಯನ್ನು ಒಳಗೊಳ್ಳುವ ಸಮುದಾಯ ಹುಡುಕಿ ಬಂದವರಿಗೆ ತಾಯಿಯನ್ನೇ ಮನೆಯಲ್ಲಿ ಕೂರಿಸುವ ಸಲಹೆಯೇ ಎಂಬುದು ಅವರ ಪ್ರಶ್ನೆ. ನನ್ನ ನಿಲುವು ಬದಲಾಗಿಲ್ಲ. ಒಂದು ಪರಂಪರೆಯನ್ನು ಮಕ್ಕಳಿಗೆ ದಾಟಿಸುವ ದುಡಿಮೆ ಆ ಪರಂಪರೆಯಲ್ಲಿ ಹುಟ್ಟಿದವರದ್ದು. ಶುಕ್ರವಾರದ ದೀಪ, ಹೀಬ್ರೂ ಅಕ್ಷರಾಭ್ಯಾಸ, ಪಾಸೋವರ್ ಹಬ್ಬದ ಅಡುಗೆ ಎಲ್ಲವನ್ನೂ ಹೊರಗಿನಿಂದ ಬಂದ ಸೊಸೆ ಕಲಿತು ಮಾಡುತ್ತಾ, ಒಳಗಿನವನು ಸೋಫಾದ ಮೇಲೆ ಕುಳಿತಿರುವ ಮನೆಯಲ್ಲಿ ಮಕ್ಕಳು ಕಲಿಯುವ ಪಾಠವೆಂದರೆ, ಇದು ಅಪ್ಪನಿಗೂ ಬೇಡವಾದ ಸರಕು ಎಂಬುದು. ಅಂಥ ಮನೆಗೆ ಎಷ್ಟೇ ಆದರದ ಸಿನಗಾಗ್ ಸಿಕ್ಕರೂ ತಾಯಿ ಡ್ರೈವರ್ ಆಗಿಯೇ ಉಳಿಯುತ್ತಾಳೆ. ನಮ್ಮ ಹೆಣ್ಣುಮಕ್ಕಳಿಗೆ ಗಂಡನ ಮನೆಯ ಆಚಾರವನ್ನು ಹೊತ್ತುಕೊಳ್ಳುವುದು ಚಿಕ್ಕಂದಿನಿಂದ ರೂಢಿಯಾಗಿರುವುದರಿಂದ ಈ ಅನ್ಯಾಯ ಅವರ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯ ಸಲಹೆ ಗಣಪತಿಯ ಕುರಿತದ್ದು. ಯಾರು ಮನೆಗೆ ಬಂದರೂ, ರಬ್ಬಿಯೇ ಬಂದರೂ, ಆ ಕಪಾಟನ್ನು ಮುಚ್ಚಿಡಬಾರದು ಎಂದೆ. ಹಾಗೆಯೇ, ವಿಗ್ರಹಾರಾಧನೆ ತಪ್ಪಲ್ಲವೆಂದು ರಬ್ಬಿಯ ಬಾಯಿಂದ ಹೇಳಿಸಲು ಹೋಗಬಾರದು ಎಂದೂ ಹೇಳಿದೆ. ಹತ್ತು ಆಜ್ಞೆಗಳಲ್ಲೇ ನಿಷೇಧವಿರುವ ಸಂಗತಿಗೆ ಯಹೂದಿ ಗುರುವಿನಿಂದ ಸಮ್ಮತಿ ಕೇಳುವುದು ಅವರಿಗೂ ನ್ಯಾಯವಲ್ಲ. ಕಲ್ಲು ದೇವರನ್ನು ಪ್ರಶ್ನಿಸಿದವರು ನಮ್ಮಲ್ಲಿಯೂ ಹನ್ನೆರಡನೆಯ ಶತಮಾನದಲ್ಲೇ ಇದ್ದರು, ಆ ಪ್ರಶ್ನೆಗೆ ಬೆಚ್ಚಬೇಕಾಗಿಲ್ಲ ಎಂದು ಆಕೆಗೆ ನೆನಪಿಸಿದೆ. ಕೇಳಬೇಕಾದದ್ದು ಇಷ್ಟೇ: ಐದು ವರ್ಷದ ಮಗುವನ್ನು ತನ್ನ ತಾಯಿಯ ನ್ಯಾಯಾಧೀಶೆಯನ್ನಾಗಿ ಮಾಡದಂತೆ ಆ ಕಥೆಯನ್ನು ಹೇಳಲು ಬರುವ ಶಿಕ್ಷಕರು ನಿಮ್ಮಲ್ಲಿದ್ದಾರೆಯೇ? ಈ ಪ್ರಶ್ನೆಯನ್ನು ಪತಿಯೇ ಕೇಳಬೇಕು, ಮಗಳಿಗೆ ಆ ಕಥೆಯನ್ನು ಇನ್ನೊಮ್ಮೆ ಹೇಳಬೇಕಾದವರೂ ಅವರೇ.

ಸದಸ್ಯತ್ವಕ್ಕೆ ಸಹಿ ಹಾಕುವ ಮುನ್ನ ರಬ್ಬಿಯ ಬಳಿ ನೇರವಾಗಿ ಕೇಳಿ ತಿಳಿಯಬೇಕಾದ ಬೇರೆ ಸಂಗತಿಗಳೂ ಇವೆ. ಸದಸ್ಯರ ಪಟ್ಟಿಯಲ್ಲಿ ಯಹೂದಿಯಲ್ಲದ ಸಂಗಾತಿಯ ಹೆಸರಿರುತ್ತದೆಯೇ, ಸಭೆಯಲ್ಲಿ ಮತ ಹಾಕಬಹುದೇ? ಮುಂದೆ ಮಗಳು ಬಾತ್ ಮಿತ್ಸ್ವಾ (ಹುಡುಗಿ ಧಾರ್ಮಿಕ ಹೊಣೆ ಹೊರುವ ವಯಸ್ಸಿಗೆ ಬಂದಾಗಿನ ವಿಧಿ) ದಿನ ತೋರಾ ಓದುವಾಗ ತಾಯಿ ವೇದಿಕೆಯ ಮೇಲೆ ಪಕ್ಕದಲ್ಲಿ ನಿಲ್ಲಬಹುದೇ, ಏನನ್ನು ಹೇಳಬಹುದು, ಏನನ್ನು ಹೇಳುವಂತಿಲ್ಲ? ಕನ್ನಡದ ಕುಟುಂಬಗಳು ಮರೆಯುವ ಪ್ರಶ್ನೆಯೊಂದಿದೆ. ಇಲ್ಲಿ ಅನೇಕರು ಮಕ್ಕಳನ್ನು ಭಾನುವಾರ ಹಿಂದೂ ಧರ್ಮ ಕಲಿಸುವ ಬಾಲವಿಹಾರಕ್ಕೆ ಕಳಿಸುತ್ತಾರೆ. ಆದರೆ ಬೇರೆ ಧರ್ಮದ ಶಿಕ್ಷಣವನ್ನು ಕ್ರಮವಾಗಿ ಪಡೆಯುತ್ತಿರುವ ಮಕ್ಕಳನ್ನು ಸಿನಗಾಗ್ ಶಾಲೆಗೆ ಸೇರಿಸಿಕೊಳ್ಳದಂತೆ ರಿಫಾರ್ಮ್ ಪಂಥದ ಒಕ್ಕೂಟ 1995ರಲ್ಲಿ ನಿರ್ಣಯಿಸಿ ತನ್ನ ಸಿನಗಾಗ್‌ಗಳನ್ನು ಕೋರಿದೆ. ಮನೆಯಲ್ಲಿ ಅಜ್ಜಿಯೊಂದಿಗೆ ಹಬ್ಬ ಮಾಡುವುದು ಒಂದು, ಎರಡೂ ಶಾಲೆಗಳಿಗೆ ಹೆಸರು ನೋಂದಾಯಿಸುವುದು ಇನ್ನೊಂದು. ಈ ನಿಯಮ ಕಠಿಣವೆಂದು ಕೆಲವರಿಗೆ ತೋರಬಹುದು. ನನಗೆ ಅದು ಪ್ರಾಮಾಣಿಕವೆನಿಸುತ್ತದೆ.

ಮಕ್ಕಳ ವಿಷಯದಲ್ಲಿ ಕಣ್ಣಾರೆ ನೋಡಿ ತಿಳಿಯಬೇಕಾದದ್ದೇ ಹೆಚ್ಚು. ಎರಡು ವರ್ಷದ ಮಗು ಪ್ರಾರ್ಥನೆಯ ಮಧ್ಯೆ ಚೀರಿದಾಗ ಮುಂದಿನ ಸಾಲಿನವರು ತಿರುಗಿ ಹೇಗೆ ನೋಡುತ್ತಾರೆ. ಆಟಿಕೆಗಳ ಚಾಪೆ ಪ್ರಾರ್ಥನಾ ಮಂದಿರದ ಒಳಗೇ ಹಿಂದುಗಡೆ ಇದೆಯೋ, ಇಲ್ಲ ನೆಲಮಾಳಿಗೆಯ ಕೋಣೆಯಲ್ಲೋ. ಪ್ರಾರ್ಥನೆಯ ನಂತರದ ಕಿದ್ದುಶ್ ಉಪಾಹಾರಕ್ಕೆ ಚಿಕ್ಕ ಮಕ್ಕಳ ತಂದೆ ತಾಯಂದಿರು ನಿಲ್ಲುತ್ತಾರೋ, ಕೋಟು ಹಾಕಿಕೊಂಡು ಓಡುತ್ತಾರೋ. ಚಿತ್ರಾನ್ನ ಮಾಡಿಕೊಂಡು ಹೋಗುವವರು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಸಸ್ಯಾಹಾರವಾದ ಮಾತ್ರಕ್ಕೆ ಅದು ಕೋಶರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು, ಆಗುವುದಿಲ್ಲ, ಕೆಲವು ಕಡೆ ಮನೆಯ ಅಡುಗೆಯನ್ನು ಒಳಗೆ ತರುವಂತೆಯೇ ಇಲ್ಲ.

ಸದಸ್ಯತ್ವಕ್ಕೆ ಅವಸರವಿಲ್ಲ ಎಂದೂ ಹೇಳಿದೆ. ಹುಂಡಿಗೆ ಇಷ್ಟ ಬಂದಷ್ಟು ಹಾಕಿ ಬರುವವರಿಗೆ ವಾರ್ಷಿಕ ಶುಲ್ಕವೆಂದರೆ ಗಾಬರಿ. ಈಗ ಎಷ್ಟೋ ಸಿನಗಾಗ್‌ಗಳು ಮೊತ್ತವನ್ನು ಕುಟುಂಬದ ಶಕ್ತಿಗೇ ಬಿಟ್ಟಿವೆ. ಸದಸ್ಯರಾಗುವವರೆಗೆ ಆರಂಭಕ್ಕೆ ‘ಪಿಜೆ ಲೈಬ್ರರಿ’ ಸಾಕು. ಹೆರಾಲ್ಡ್ ಗ್ರಿನ್‌ಸ್ಪೂನ್ 2005ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಈ ಯೋಜನೆ, ಮಿಶ್ರ ವಿವಾಹದ ಮನೆಗಳೂ ಸೇರಿದಂತೆ, ಯಹೂದಿ ಪರಂಪರೆಯ ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಕಳಿಸುತ್ತದೆ. ಪುಸ್ತಕವನ್ನು ರಾತ್ರಿ ಓದಿ ಹೇಳುವವರು ತಂದೆಯಾಗಿರಬೇಕೆಂಬುದಷ್ಟೇ ನನ್ನ ಷರತ್ತು.

ಪತಿ ಗೊಣಗುತ್ತಲೇ ಹೋಗತೊಡಗಿದರು. ಮಗನ ಚೀರಾಟಕ್ಕೆ ಅಲ್ಲಿ ಯಾರೂ ‘ಶ್ಶ್’ ಎನ್ನಲಿಲ್ಲವೆಂಬುದನ್ನು ನನಗೆ ತುಸು ಅನುಮಾನದಿಂದಲೇ ವರದಿ ಮಾಡಿದರು. ಕಥೆಯ ವಿಷಯದಲ್ಲಿ ಶಿಕ್ಷಕಿ ಮಾತನಾಡಲು ಸಿದ್ಧರಿದ್ದರು. ತರಗತಿಯಲ್ಲಿ ಇಂಥ ಮನೆಯ ಮಕ್ಕಳು ಇನ್ನೂ ಇದ್ದಾರೆಂದು ಅವರಿಗೂ ಗೊತ್ತಿತ್ತು. ವೇದಿಕೆಯ ಪ್ರಶ್ನೆಗೆ ರಬ್ಬಿ ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ತಾಯಿ ಪಕ್ಕದಲ್ಲಿ ನಿಂತು ಮಗಳನ್ನು ಹರಸಬಹುದು, ತೋರಾದ ಆಶೀರ್ವಚನವನ್ನು ಮಾತ್ರ ಪಠಿಸುವಂತಿಲ್ಲ. ಆಕೆಗೆ ನೋವಾಯಿತು. ಆದರೂ ಇಷ್ಟು ಸ್ಪಷ್ಟವಾಗಿ ಈವರೆಗೆ ಯಾರೂ ತನ್ನೊಂದಿಗೆ ಮಾತನಾಡಿರಲಿಲ್ಲ ಎಂದರು. ಇಬ್ಬರ ಹೆಸರಿನಲ್ಲೂ ಸದಸ್ಯತ್ವ ಪಡೆದಿದ್ದಾರೆ. ಮಕ್ಕಳಿಗೆ ಕನ್ಸರ್ವೇಟಿವ್ ವಿಧಿಯ ಮತಾಂತರವೂ ಆಗಲಿ ಎಂದು ಅತ್ತೆ ಈಗ ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಹೇಳುವ ಕೆಲಸವನ್ನು ಈ ಸಲ ಪತಿಗೆ ವಹಿಸಿದ್ದೇವೆ, ಅವರಿನ್ನೂ ಹೇಳಿಲ್ಲ.