ಫಾರ್ಮ್ಯಾಟ್ ಕೇಳುವ ಡಿಸ್ಕಿನಿಂದ ಯಕ್ಷಗಾನ ಆಟದ ರೆಕಾರ್ಡಿಂಗ್ ತೆಗೆಯುವ ಬಗ್ಗೆ

ಮಾರಾಯ್ರೆ, ನಿಮ್ಮ 2 ಟಿಬಿ ಡಿಸ್ಕಿನಲ್ಲಿ ಹತ್ತು ವರ್ಷದ ಆಟ, ತಾಳಮದ್ದಳೆ ರೆಕಾರ್ಡಿಂಗ್ ಉಂಟು, ಈಗ ಕಂಪ್ಯೂಟರಿಗೆ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಿ’ ಅಂತ ಬರ್ತದೆ, ಕಡಿಮೆ ಖರ್ಚಿನ ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀರಿ. ಓದಿ ಸಂಕಟ ಆಯ್ತು. ನನಗೂ ಹೀಗೇ ಆಗಿತ್ತು.

ಫಾರ್ಮ್ಯಾಟ್ ಒತ್ತಬೇಡಿ. ಚೆಕ್‌ಡಿಸ್ಕ್ ಓಡಿಸಿ ಅಂತ ಯಾರು ಹೇಳಿದರೂ ಬೇಡ. ಅದು ಡಿಸ್ಕಿನ ಲೆಕ್ಕ ಸರಿ ಮಾಡ್ಲಿಕ್ಕೆ ಹೋಗಿ ಫೈಲನ್ನೇ ಬಿಟ್ಟುಕೊಡಬಹುದು. ಒಮ್ಮೆ ಕೇಬಲ್ ಬದಲಿಸಿ ನೋಡಿ. ಟಕ್ ಟಕ್ ಸದ್ದು ಬಂದರೆ ತಕ್ಷಣ ತೆಗೆದು ಡೇಟಾ ರಿಕವರಿ ಲ್ಯಾಬಿಗೆ ಕೊಡಿ, ಅದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ.

ಸದ್ದಿಲ್ಲದಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಧರ್ಮಕ್ಕೇ ಸಿಗ್ತದೆ. ಅದರಲ್ಲಿ ಸಿ5, ಸಿ6 ಅನ್ನುವ ಸಾಲುಗಳ ಕೊನೆಯ ಅಂಕಣ ನೋಡಿ. ಪೂರ್ತಿ ಸೊನ್ನೆ ಇದ್ದರೆ ಒಳ್ಳೆಯ ಲಕ್ಷಣ. ಬೇರೆ ಏನಾದರೂ ಇದ್ದರೆ ಡಿಸ್ಕಿನ ಕೆಲವು ಜಾಗ ಓದ್ಲಿಕ್ಕೇ ಆಗ್ತಿಲ್ಲ ಅಂತ ಅರ್ಥ. ಆಗ ಒಂದೊಂದು ಸ್ಕ್ಯಾನೂ ಅದರ ಆಯುಸ್ಸು ತಿನ್ನುತ್ತದೆ.

ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಸಾಫ್ಟ್‌ವೇರಿಗೆ ಹಾಕುವ ಮೊದಲು ಒಂದು 4 ಟಿಬಿ ಹೊಸ ಡಿಸ್ಕಿಗೆ ಹಾಕಿ. ಅರ್ಧ ಜಾಗ ಹಳೇ ಡಿಸ್ಕಿನ ಯಥಾವತ್ ನಕಲಿಗೆ, ಉಳಿದದ್ದು ತೆಗೆದ ಫೈಲುಗಳಿಗೆ. ನಕಲು ಮಾಡ್ಲಿಕ್ಕೆ ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ ಓಡಿಸಿ, ಅದೂ ಉಚಿತ. ಚೆನ್ನಾಗಿ ಓದುವ ಜಾಗ ಮೊದಲು ಎತ್ತಿಕೊಂಡು ಕೆಟ್ಟದ್ದನ್ನು ಕೊನೆಗೆ ಇಡ್ತದೆ. ಎಲ್ಲಿವರೆಗೆ ಆಯ್ತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟರೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಸ್ತದೆ. ಸೆಕೆಂಡಿಗೆ 100 ಎಂಬಿ ಸಿಕ್ಕಿದರೆ ಐದೂವರೆ ಗಂಟೆ, ಡಿಸ್ಕ್ ತೊದಲಿದರೆ ಎರಡು ದಿನವೂ ಆದೀತು. ಯಾವುದು ಹಳೇದು, ಯಾವುದು ಹೊಸದು ಅಂತ ಎರಡು ಸಲ ನೋಡಿ ಎಂಟರ್ ಒತ್ತಿ. ಅದಲು ಬದಲಾದರೆ ಎಲ್ಲವೂ ಮುಗೀತು.

ಮುಂದಿನ ಕೆಲಸ ಎಲ್ಲ ಆ ನಕಲಿನ ಮೇಲೆ. ನಾನು ಆತುರದಲ್ಲಿ ನೇರ ಫೋಟೋರೆಕ್ ಅನ್ನುವ, ಹೋದ ಫೈಲ್ ಹೆಕ್ಕುವ ಸಾಫ್ಟ್‌ವೇರ್ ಓಡಿಸಿದೆ. ಅದು ಉಚಿತ, ಶಕ್ತಿಯುತ ಹೌದು, ಆದರೆ ಡಿಸ್ಕಿನ ಲೆಕ್ಕಪಟ್ಟಿ ನೋಡದೆ ಫೈಲಿನ ತಲೆಯ ಗುರುತು ಹಿಡಿದು ಹೆಕ್ಕುವುದರಿಂದ ಹೆಸರು ಉಳಿಯುವುದಿಲ್ಲ. ಊರು, ಮೇಳ, ಪ್ರಸಂಗ, ತಾರೀಕು ಬರೆದಿಟ್ಟ ಫೈಲುಗಳೆಲ್ಲ ‘ಎಫ್’ ಅಕ್ಷರ, ಅದರ ಹಿಂದೆ ಉದ್ದದ ಅಂಕೆ ಆಗಿ ಬಂದವು. ರಾತ್ರಿ ಹೆಡ್‌ಫೋನ್ ಹಾಕಿ ಕೂತೆ. ಚೆಂಡೆ ಪೀಠಿಕೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಭಾಗವತರ ಸ್ವರ ಬರುವವರೆಗೆ ಕಾದು, ಒಂದೆರಡು ಪದ್ಯ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ತೀರಿಹೋದ ಕಲಾವಿದರ ಅರ್ಥಗಾರಿಕೆ ಯಾವ ಊರಿನದ್ದು, ಯಾವ ವರ್ಷದ್ದು ಅಂತ ಈಗ ಹೇಳುವವರಿಲ್ಲ. ತುಂಡಾದ ಎಂಪಿ3 ಇದ್ದಷ್ಟು ಭಾಗ ಹಾಡಿತು. ಉದ್ದದ ಎಂಪಿ4 ವಿಡಿಯೋಗಳು ಡಿಸ್ಕಿನಲ್ಲಿ ಚೂರು ಚೂರಾಗಿದ್ದರಿಂದ ಸುಮಾರಷ್ಟು ತೆರೆಯಲೇ ಇಲ್ಲ.

ನೀವು ಮೊದಲು ಹೆಸರು ಸಮೇತ ಫೈಲ್ ತರುವ ಸಾಫ್ಟ್‌ವೇರನ್ನು ಹಿಡಿಯಿರಿ. ಟೆಸ್ಟ್‌ಡಿಸ್ಕ್‌ನಲ್ಲಿ ಫೈಲ್ ಪಟ್ಟಿ ಕಂಡರೆ ಅಲ್ಲಿಂದಲೇ ಕಾಪಿ ಮಾಡಬಹುದು, ದುಡ್ಡಿಲ್ಲ. ಇಲ್ಲದಿದ್ದರೆ ಡಿಎಂಡಿಇ. ಅದರ ಉಚಿತ ಆವೃತ್ತಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್ ವರೆಗೆ ಕೊಡ್ತದೆ, ಎಷ್ಟು ಸಲ ಬೇಕಾದರೂ ಮಾಡಬಹುದು. ನಮ್ಮಂಥ ರೆಕಾರ್ಡಿಂಗಿನವರ ಫೈಲ್ ದೊಡ್ಡದು, ಸಂಖ್ಯೆ ಕಡಿಮೆ. ಹಾಗಾಗಿ ಈ ಮಿತಿ ನಮಗೆ ತೊಂದರೆಯೇ ಅಲ್ಲ. ಜಿಬಿ ಲೆಕ್ಕದಲ್ಲಿ ಮಿತಿ ಹಾಕುವ ‘ಉಚಿತ’ ಸಾಫ್ಟ್‌ವೇರುಗಳು ಹೆಚ್ಚಾಗಿ ಒಂದು ಇಡೀ ರಾತ್ರಿಯ ಆಟದ ವಿಡಿಯೋಕ್ಕೂ ಸಾಲುವುದಿಲ್ಲ. ಇವೆರಡೂ ಸೋತರೆ ಕೊನೆಗೆ ಫೋಟೋರೆಕ್.

ದುಡ್ಡು ಕೊಟ್ಟು ಕೊಳ್ಳುವುದೇ ಆದರೆ ಮೊದಲು ಟ್ರಯಲ್‌ನಲ್ಲಿ ಸ್ಕ್ಯಾನ್ ಮಾಡಿ ನಿಮ್ಮ ದೊಡ್ಡ ಫೈಲೊಂದನ್ನು ಪ್ರಿವ್ಯೂನಲ್ಲಿ ನುಡಿಸಿ ನೋಡಿ. ಹೆಸರು ಕಂಡ ಮಾತ್ರಕ್ಕೆ ಒಳಗೆ ಸ್ವರ ಉಂಟು ಅಂತ ಇಲ್ಲ. ಕ್ರ್ಯಾಕ್ ಮಾಡಿದ್ದನ್ನು ಖಂಡಿತ ಹಾಕಬೇಡಿ, ವೈರಸ್ ಬಂದರೆ ಹೊಸ ಡಿಸ್ಕೂ ಹೋದೀತು.

ಸಿ5, ಸಿ6 ಸಾಲಿನ ಫೋಟೋ ಇಲ್ಲಿ ಹಾಕಿ. ಅದನ್ನು ನೋಡಿ ಡಿಡಿರೆಸ್ಕ್ಯೂ ಹೇಗೆ ಓಡಿಸುವುದು ಅಂತ ಹೇಳ್ತೇನೆ. ಫೋಟೋ ತೆಗೆದ ಮೇಲೆ ಅಲ್ಲಿವರೆಗೆ ಡಿಸ್ಕ್ ಮತ್ತೆ ಚುಚ್ಚಬೇಡಿ.