ಹಾಲು, ಪಾಲ್ ಮತ್ತು ಒಂದು ಪಳ್ಳಿ

ವಲಸೆ ಬಂದವರ ಮಕ್ಕಳಿಗೆ ನಿಮ್ಮಲ್ಲಿ ಮಲಯಾಳಂ ಹೇಗೆ ಕಲಿಸ್ತಾರೆ ಎಂದು ಕೇಳಿದ್ದೀರಿ. ನಾನು ಕಾಸರಗೋಡಿನವನು. ಇಲ್ಲಿನ ಕನ್ನಡಿಗರನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿತು, ನಾವು ಇದ್ದಲ್ಲೇ ಇದ್ದೆವು. ಇವತ್ತಿಗೂ ಇಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ.

ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರದ್ದು ಬೇರೆ ಕಥೆ. ಕೆಲವರು ಮಕ್ಕಳನ್ನು ಇದೇ ಕನ್ನಡ ಶಾಲೆಗಳಿಗೆ ಹಾಕುತ್ತಾರೆ. ಪಾಠ ಕನ್ನಡದಲ್ಲೇ ಅಲ್ವಾ, ಸುಲಭ ಅಂದುಕೊಳ್ಳಬೇಡಿ. ಮೈದಾನದಲ್ಲಿ ತುಳು. ಬಸ್ಸಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಮಲಯಾಳಂ. ನಾವಾಡುವ ಕನ್ನಡವೂ ಬಾಗಲಕೋಟೆ ಕಡೆಯ ಮಗುವಿಗೆ ಹೊಸತೇ.

ಒಮ್ಮೆ ನಮ್ಮ ಹತ್ತಿರದ ಶಾಲೆಯಲ್ಲಿ ಒಬ್ಬರು ಟೀಚರ್ ಬೋರ್ಡಿನ ಎಡಗಡೆ ಹಾಲು, ಹಲ್ಲು, ಹತ್ತು, ಹೂವು ಎಂದು ಬರೆದರು. ಬಲಗಡೆ ಅವುಗಳ ಮಲಯಾಳಂ, ಕನ್ನಡ ಅಕ್ಷರದಲ್ಲೇ: ಪಾಲ್, ಪಲ್ಲ್, ಪತ್ತ್, ಪೂವ್. ಏನೂ ವಿವರಿಸಲಿಲ್ಲ, ಸುಮ್ನೆ ನಿಂತರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಂಗಾದ್ರ ಹಳ್ಳಿಗೆ ಪಳ್ಳಿ ಅನಬೇಕೇನ್ರೀ ಟೀಚರ್?" ಎಂದಳು. ಕ್ಲಾಸೆಲ್ಲಾ ನಕ್ಕಿತು. ನಮ್ಮ ಕಡೆ ಪಳ್ಳಿ ಅಂದರೆ ಮಸೀದಿ. ಟೀಚರ್ ನಗಲಿಲ್ಲ. "ನೀನು ಹಿಡಿದ ದಾರಿ ಸರಿ ಮಗಾ, ಈ ಶಬ್ದ ಮಾತ್ರ ತಪ್ಪಿಸಿಕೊಂಡಿದೆ" ಎಂದರು. ಅಲ್ಲಿವರೆಗೆ ಆ ಹುಡುಗಿ ಬಾಯಿ ಬಿಟ್ಟದ್ದನ್ನೇ ನಾನು ಕಂಡಿರಲಿಲ್ಲ.

ಆ ಟೀಚರಿಗೆ ಎರಡೂ ಭಾಷೆ ಬರುತ್ತಿತ್ತು. ಎಲ್ಲಾ ಇರುವುದು ಅಲ್ಲೇ. ಕನ್ನಡ ಬಾರದ ಟೀಚರುಗಳನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದಕ್ಕೆ ಹೆತ್ತವರು ಶಾಲೆ ಮುಂದೆ ಪ್ರತಿಭಟನೆಗೆ ಕೂತದ್ದು ಇಲ್ಲಿ ಒಂದೆರಡು ಸಲವಲ್ಲ. ಗಣಿತ ಅರ್ಥವಾಗದೆ ಕೂತ ಮಗುವಿಗೆ ಅದರಿಂದ ಮಲಯಾಳಂ ಬರುವುದಿಲ್ಲ, ಗಣಿತವೂ ಹೋಗುತ್ತದೆ.

ಮಲಯಾಳಂ ಬೇಡ ಅನ್ನುವವನಲ್ಲ ನಾನು. 2017ರಲ್ಲಿ ಕೇರಳ ಹತ್ತನೇ ಕ್ಲಾಸಿನವರೆಗೆ ಮಲಯಾಳಂ ಕಲಿಕೆ ಕಡ್ಡಾಯ ಮಾಡುವ ಕಾನೂನು ತಂದಿತು. ಇಲ್ಲಿ ಬದುಕುವ ಮಗುವಿಗೆ ಈ ಭಾಷೆ ಬೇಕೇ ಬೇಕು. ನನ್ನ ತಕರಾರು ಕಲಿಸುವ ರೀತಿಯ ಬಗ್ಗೆ. ಅದೇ ವರ್ಷ ಎರ್ನಾಕುಳಂ ಜಿಲ್ಲೆಯಲ್ಲಿ 'ರೋಶ್ನಿ' ಎಂಬ ಯೋಜನೆ ಶುರುವಾಯಿತು. ಹೊರರಾಜ್ಯದ ಮಕ್ಕಳಿಗೆ ಹಿಂದಿ, ಬಂಗಾಳಿ, ಒಡಿಯಾ ಬಲ್ಲವರಿಂದಲೇ ಮಲಯಾಳಂ ಕಲಿಸತೊಡಗಿದರು. ಮಗುವಿನ ಭಾಷೆಯಲ್ಲಿ ಶುರು ಮಾಡಿ, ಮೆಲ್ಲಗೆ ಮಲಯಾಳಕ್ಕೆ ದಾಟಿಸುವ ಕ್ರಮ ಅದು. ನಮ್ಮಲ್ಲಿ ಅದಕ್ಕೆ ದೂರ ಹುಡುಕಬೇಕಾಗಿಯೂ ಇಲ್ಲ. ಕನ್ನಡ, ತುಳು, ಮಲಯಾಳಂ ಮೂರೂ ಬಲ್ಲ ಡಿಎಡ್ (ಶಿಕ್ಷಕರ ತರಬೇತಿ) ಮುಗಿಸಿದ ಹುಡುಗ ಹುಡುಗಿಯರು ಮನೆ ಮನೆಯಲ್ಲಿ ಇದ್ದಾರೆ. ಅವರನ್ನು ಕರೆಯಲಿ.